ಭಾವನ ಬೂಟು, ನನ್ನ ಗುಲಾಬಿ

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಹೆಸರಂತೂ ಕೇಳಲೇಬೇಡಿ. ಆದರೆ ಒಮ್ಮೆ ಪರಿಚಯವಾದವರ ಹೊಟ್ಟೆಯನ್ನು ಮಾತ್ರ ಅವರು ಜನ್ಮದಲ್ಲಿ ಮರೆಯುವುದಿಲ್ಲ!

ಮೊನ್ನೆ ಬೆನ್ಸನ್ ಟೌನಿನಲ್ಲಿ ನಮ್ಮ ಆಫೀಸಿನ ಹಳೆಯ ಮ್ಯಾನೇಜರ್ ಮೇಡಂ ಸಿಕ್ಕರು. ಎಷ್ಟೋ ವರ್ಷಗಳ ಮೇಲೆ ನೋಡುತ್ತಿದ್ದೇನೆ. ನಾನು ನಮಸ್ಕಾರ ಹೇಳುವಷ್ಟರಲ್ಲಿ ಪಕ್ಕದಲ್ಲಿದ್ದ ಭಾವ ಮುಖ ಅರಳಿಸಿಕೊಂಡು, "ಓಹೋ, ನೀವು ನಮ್ಮ ನಾದಿನಿ ಗೃಹಪ್ರವೇಶದಲ್ಲಿ ಊಟ ಮಾಡಿ ನಾಲ್ಕು ದಿನ ಭೇದಿ ಆಗಿದ್ದೋರಲ್ವಾ? ಲೋಳೆ ಹೋಗ್ತಿತ್ತು ಅಂದಿದ್ರಿ. ನಿಂತ್ಹೋಯ್ತಾ?" ಎಂದು ಕೇಳಿದರು. ಫುಟ್‌ಪಾತಿನ ಮೇಲೆ! ಎಳನೀರು ಕುಡಿಯುತ್ತಿದ್ದ ನಾಲ್ಕು ಜನರ ಎದುರಿಗೆ! ಅಲ್ಲ, ಇಷ್ಟು ವರ್ಷ ನಿಲ್ಲದೆ ಹೋಗುತ್ತಿದ್ದರೆ ಆಕೆ ಅಲ್ಲಿ ನಿಂತು ಮಾತಾಡುವ ಸ್ಥಿತಿಯಲ್ಲಿರುತ್ತಿದ್ದರೇ? ಮೇಡಂ ಅರ್ಧ ಎಳನೀರನ್ನು ಅಲ್ಲೇ ಬಿಟ್ಟು ಆಟೋ ಹತ್ತಿದರು.

ನೀವು ನಗುತ್ತೀರಿ. ನಗಿ. ನಿಮ್ಮ ಭಾವನಲ್ಲವಲ್ಲ!

ನಮ್ಮದು ಹೊರಮಾವಿನಲ್ಲಿ ಒಂದೇ ಗೇಟಿನ ಎರಡು ಮನೆ. ಮಹಡಿಯ ಮೇಲೆ ಅಕ್ಕ, ಭಾವ. ಕೆಳಗೆ ನಾನು, ನನ್ನ ಮಗಳು. ಭಾವ ನಿವೃತ್ತ ಪಶುವೈದ್ಯರು. ಪಶುವೈದ್ಯರೆಂದರೆ ಹಸುವಿನ ಬೆನ್ನು ತಟ್ಟಿ, ಕರುವಿನ ಕಿವಿ ಹಿಡಿದು, ನಾಲ್ಕು ಜನರ ಕೈಲಿ ಸೈ ಅನ್ನಿಸಿಕೊಳ್ಳುವವರು ಎಂದು ನಂಬಿಯೇ ನಮ್ಮಪ್ಪ ಅಕ್ಕನನ್ನು ಕೊಟ್ಟದ್ದು. ಮದುವೆಯಾದ ಮೇಲೆ ಗೊತ್ತಾಯಿತು, ಇವರು ಪ್ರಾಣಿಯ ಮುಂಭಾಗವನ್ನು ನೋಡುವ ಡಾಕ್ಟರಲ್ಲ. ರೋಗ ಪತ್ತೆಯ ಪ್ರಯೋಗಾಲಯದಲ್ಲಿ ನಲವತ್ತು ವರ್ಷ ಕೂತು, ಊರೂರಿನ ಪ್ರಾಣಿಗಳು ಹಿಂದೆ ಬಿಟ್ಟುಹೋದದ್ದನ್ನೇ ನೋಡಿದವರು! ಅದರಲ್ಲೂ ಹಂದಿಯದ್ದು. ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟದ ನಮ್ಮ ಮನೆಗೆ ಹಂದಿಯ ಹೊಟ್ಟೆಯ ಸಮಾಚಾರ ದಿನಪತ್ರಿಕೆಗಿಂತ ಮೊದಲು ಬರುತ್ತಿತ್ತು.

ಹಂದಿಗಳ ದೊಡ್ಡ ಕರುಳಿಗೆ ಬರುವ ಒಂದು ರಕ್ತದ ಆಮಶಂಕೆ ಇದೆಯಂತೆ. ಅದನ್ನು ತರುವುದು ಸುರುಳಿ ಆಕಾರದ ಒಂದು ಸೂಕ್ಷ್ಮಜೀವಿ. ಭಾವನ ಬಾಯಲ್ಲಿ ಅದು ಬರೀ "ಸುರುಳಿ." ಮನೆಮಗಳನ್ನು ಕರೆದ ಹಾಗೆ! "ಸುರುಳಿ ಈ ಸಲ ಮಳೆಗಾಲಕ್ಕೆ ಮುಂಚೇನೇ ಬಂದ್ಬಿಟ್ಲು" ಎಂದರೆ ಹೊಸಬರು ಯಾರೋ ಹೆರಿಗೆಗೆ ಬಂದಿದ್ದಾಳೆ ಅಂದುಕೊಳ್ಳಬೇಕು. ಒಂದು ಭಾನುವಾರ ಅಕ್ಕ ಒತ್ತುಶಾವಿಗೆ ಮಾಡಿದ್ದಳು. ಭಾವ ಒಂದು ಎಳೆಯನ್ನು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಸಣ್ಣಗೆ ಕುಣಿಸುತ್ತಾ, "ನೋಡಿ, ಹೀಗೇ ಇರ್ತಾಳೆ. ಹೀಗೇ ತಿರುಚ್ಕೊಂಡು, ನುಲ್ಕೊಂಡು ಲೋಳೆ ಒಳಗೆ ಈಜ್ತಾಳೆ. ಎಂಥಾ ಚೆಂದ ಅಂತೀರಿ!" ಎಂದರು. ಆ ಮೇಲೆ ಶಾವಿಗೆ ಒರಳು ಒಂದು ವರ್ಷ ಅಟ್ಟದಿಂದ ಇಳಿಯಲಿಲ್ಲ.

"ಊಟದ ಹೊತ್ತಲ್ಲಿ ಹಂದಿ ಮಾತು ಬೇಡ ಭಾವ" ಎಂದು ನಾನು ಸಿಡುಕಿದರೆ ಅವರ ಉತ್ತರ ಸಿದ್ಧ: "ವರಾಹಸ್ವಾಮಿಗೆ ಕೈ ಮುಗೀತೀಯ. ಅದೇ ವರಾಹಕ್ಕೆ ಹೊಟ್ಟೆ ಕೆಟ್ರೆ ಮೂಗು ಮುಚ್ಕೋತೀಯ. ಇದ್ಯಾವ ಭಕ್ತಿನೇ?"

ಅವರಿಗೆ ಕನ್ನಡದ ಮೇಲೂ ಒಂದು ಕೋಪವಿದೆ. ಹಸುವಿನದಕ್ಕೆ ಸಗಣಿ, ಕುದುರೆಯದಕ್ಕೆ ಲದ್ದಿ, ಕುರಿಯದಕ್ಕೆ ಹಿಕ್ಕೆ. ಎಲ್ಲಕ್ಕೂ ಮರ್ಯಾದೆಯ ಹೆಸರಿದೆ. ಹಂದಿಯದಕ್ಕೆ ಮಾತ್ರ ಜನ ಮುಖ ಸಿಂಡರಿಸಿ ಗಲೀಜು ಅನ್ನುತ್ತಾರೆ! ಇದು ಅನ್ಯಾಯವಲ್ಲವೇ ಎಂದು ಅವರು ನನ್ನನ್ನು ಕೇಳುತ್ತಾರೆ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನನ್ನನ್ನು!

ಇನ್ನು ಅವರ ಮೂಗು. ಅದು ಅವರಿಗಿಂತ ಬಹಳ ಮೊದಲೇ ನಿವೃತ್ತಿ ತೆಗೆದುಕೊಂಡಿದೆ. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಇದರ ಫಲವನ್ನು ಅನುಭವಿಸುವವರು ನಾವು. ಸುರುಳಿ ಈಜುವುದನ್ನು ನೋಡಬೇಕಾದರೆ ಮಾದರಿ ಬೆಚ್ಚಗಿರಬೇಕಂತೆ. ತಣ್ಣಗಾದರೆ ಮುದುಡಿ ಮಲಗಿಬಿಡುತ್ತಾಳಂತೆ. ಅದಕ್ಕೆ ಭಾವ ಕೆ.ಆರ್. ಪುರದ ಕಡೆಯ ಹಂದಿ ಸಾಕಣೆಯವರ ಹತ್ತಿರ ಹೋದಾಗ ಸೀಸೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸಿನಲ್ಲಿ ಬರುತ್ತಾರೆ. ಬಂದವರೇ ಅಕ್ಕನ ಹತ್ತಿರ ಕೊಚ್ಚಿಕೊಳ್ಳುತ್ತಾರೆ: "ಬೆಂಗ್ಳೂರು ಕೆಟ್ಟೋಯ್ತು ಅಂತಾರೆ. ಸುಳ್ಳು ಕಣೇ! ನಾನು ಕೂತ ತಕ್ಷಣ ಇಡೀ ಸೀಟು ಬಿಟ್ಕೊಟ್ರು. ಮುಂದಿನ ಸೀಟಿನೋರೂ ಎದ್ದು ನಿಂತ್ಕೊಂಡ್ರು. ವಯಸ್ಸಾದೋರಿಗೆ ಎಂಥಾ ಮರ್ಯಾದೆ!"

ಶಿವಾಜಿನಗರದ ಒಂದು ಕೋಳಿ ಅಂಗಡಿಯಲ್ಲೂ ಇವರಿಗೆ ಖಾತರಿ ಸ್ವಾಗತ. ಕೋಳಿಗೂ, ನಾಯಿಗೂ, ಮನುಷ್ಯರಿಗೂ ಸುರುಳಿಯ ದಾಯಾದಿಗಳು ಗಂಟು ಬೀಳುತ್ತಾರಂತೆ. ಒಬ್ಬೊಬ್ಬರಿಗೆ ಒಂದೊಂದು ಕರುಳು ಇಷ್ಟ. ಹಿಕ್ಕೆ ಮೆತ್ತಿದ ಮೊಟ್ಟೆ ಕಂಡರೆ ಭಾವ ಅದನ್ನು ಕೊಳ್ಳುವುದೂ ಇಲ್ಲ, ಬಿಡುವುದೂ ಇಲ್ಲ. ತಿರುಗಿಸಿ ತಿರುಗಿಸಿ ನೋಡಿ ಉಪನ್ಯಾಸ ಶುರು. ಅಂಗಡಿಯ ಭಾಯಿ ಕೊನೆಗೆ ಕೈ ಜೋಡಿಸಿದರಂತೆ: "ಕ್ಯಾ ಡಾಕ್ಟರ್ ಸಾಬ್, ನೀವು ದಿನಾ ಬನ್ನಿ, ಚಾಯ್ ಕುಡೀರಿ, ಎಷ್ಟು ಬೇಕೋ ನೋಡ್ಕೊಳ್ಳಿ. ಗಿರಾಕಿ ಮುಂದೆ ಮಾತ್ರ ಬಾಯಿ ತೆಗೀಬ್ಯಾಡಿ!"

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಗೇಟಿನ ತೊಟ್ಟಿ. ಭಾವ ಕಾಂಪೌಂಡಿನ ಒಳಗೆ, ಗೇಟಿಗೆ ಸರಿಯಾಗಿ, ಒಂದು ಅಗಲವಾದ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದಾರೆ. ಅದರ ತುಂಬ ಬ್ಲೀಚಿಂಗ್ ಪುಡಿ ಕಲಸಿದ ನೀರು. ಹಂದಿಗಳ ಕಡೆಗೆ ಹೋಗಿ ಬಂದಾಗ ತಮ್ಮ ಮಂಡಿಯುದ್ದದ ರಬ್ಬರ್ ಬೂಟನ್ನು ಮೊದಲು ಉಜ್ಜಿ, ಆಮೇಲೆ ಅದರಲ್ಲಿ ಅದ್ದಿ ಬರುತ್ತಾರೆ. ತಾವು ಅದ್ದಿಕೊಳ್ಳಲಿ, ಬೇಡವೆಂದವರು ಯಾರು? ಗ್ಯಾಸ್ ಸಿಲಿಂಡರಿನವನೂ ಅದ್ದಬೇಕು, ಕೊರಿಯರಿನವನೂ ಅದ್ದಬೇಕು. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು ಕೈಕಾಲು ತೊಳೆಯುವ ನೀರೆಂದು ಭಕ್ತಿಯಿಂದ ಅದರಲ್ಲೇ ಕಾಲಿಟ್ಟು, ಪೂಜೆಯುದ್ದಕ್ಕೂ ಪಾದ ಕೆರೆದುಕೊಂಡರು. ಸೊಪ್ಪಿನವಳು ನಮ್ಮ ಮನೆಯನ್ನೇ ಬಿಟ್ಟಳು. "ರೋಗ ಬರೋದು ಬಾಗಿಲಿಂದ ಕಣೆ, ಆಕಾಶದಿಂದಲ್ಲ. ಕಾಲಲ್ಲಿ ಬರುತ್ತೆ" ಎನ್ನುವುದು ಭಾವನ ವೇದವಾಕ್ಯ.

ಇಂಥ ಮನೆಗೆ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಇಂದಿರಾನಗರದವರು. ಅಚ್ಚುಕಟ್ಟಾದ ಜನ ಎಂದು ಕೇಳಿದ್ದೆ. ಗೇಟು ತೆರೆದ ಕೂಡಲೇ ಬ್ಲೀಚಿಂಗ್ ವಾಸನೆ ಬಡಿದರೆ ಇದೇನು ಮನೆಯೋ ಸಾರ್ವಜನಿಕ ಶೌಚಾಲಯವೋ ಅಂದುಕೊಳ್ಳುವುದಿಲ್ಲವೇ? ಬೆಳಗ್ಗೆ ಭಾವ ಕೆ.ಆರ್. ಪುರದ ಕಡೆಗೆ ಹೋಗಿದ್ದರು. ಒಳ್ಳೆಯ ಸಮಯವೆಂದು ನಾನು ತೊಟ್ಟಿಯ ನೀರನ್ನೆಲ್ಲ ಮೋರಿಗೆ ಚೆಲ್ಲಿ, ನಾಲ್ಕು ಸಲ ತೊಳೆದು, ಹೊಸ ನೀರು ತುಂಬಿ, ಮೇಲೆ ಎರಡು ಕೆ.ಜಿ. ಕೆಂಪು ಗುಲಾಬಿಯ ಎಸಳು ಹರಡಿದೆ. ಈಗೆಲ್ಲ ಮದುವೆ ಛತ್ರದ ಬಾಗಿಲಲ್ಲಿ ಅಗಲವಾದ ಹಿತ್ತಾಳೆ ಉರುಳಿಯಲ್ಲಿ ಹೂ ತೇಲಿಬಿಡುತ್ತಾರಲ್ಲ, ಹಾಗೆ. ಎಷ್ಟು ಚೆನ್ನಾಗಿತ್ತೆಂದರೆ ಮಗಳು ಮಧ್ಯಾಹ್ನದವರೆಗೂ ಫೋಟೋ ತೆಗೆಯುತ್ತಲೇ ಇದ್ದಳು. ಮೂರು ವರ್ಷದಿಂದ ನನ್ನ ಮರ್ಯಾದೆ ಕಳೆದಿದ್ದ ತೊಟ್ಟಿಯ ಮೇಲೆ ಕಡೆಗೂ ಸೇಡು ತೀರಿಸಿಕೊಂಡೆ ಎಂದು ನಾನು ಬೀಗಿದೆ.

ಭಾವ ಬಂದರು. ಅವಸರದಲ್ಲಿದ್ದರು. ಅಂದು ಅಲ್ಲಿಯ ಹಂದಿಗಳಿಗೆ ಸುರುಳಿಯ ರೋಗವೇ ಎಂದು ಪತ್ತೆಯಾಗಿತ್ತು. ಕಂಕುಳಲ್ಲಿ ಸೀಸೆ, ತಲೆ ತುಂಬ ಅದೇ. ಹೂವಿನ ನಡುವೆಯೇ ಬೂಟುಗಾಲಿಟ್ಟು ಎರಡು ಸಲ ಕುಲುಕಿ, "ಚೆನ್ನಾಗ್ ಮಾಡಿದ್ದೀಯ" ಎಂದು ಹೇಳಿ ಮೇಲೆ ಹೋದರು. ನನಗೆ ಕೋಪ ಬಂದದ್ದು ಎಸಳುಗಳು ಮುದುರಿದವಲ್ಲ ಎಂದು!

ಸಂಜೆ ಬೀಗರಾಗಬೇಕಾದವರು ಬಂದು ಕೂತರು. ಕೇಸರಿಬಾತು, ಬೋಂಡ ಆಯಿತು. ನಾನು ಭಾವನಿಗೆ ಮೊದಲೇ ಕೈ ಮುಗಿದು ಬೇಡಿಕೊಂಡಿದ್ದೆ. ಅವರೂ ಪಾಪ, ಕಾಲು ಗಂಟೆ ತುಟಿ ಕಚ್ಚಿಕೊಂಡಿದ್ದರು. ಹುಡುಗನ ತಂದೆ ಬೋಂಡ ಬೇಡವೆಂದು ತಟ್ಟೆ ಸರಿಸಿದರು ನೋಡಿ, ಮುಗಿಯಿತು.

"ಯಾಕೆ ಸಾರ್, ಹೊಟ್ಟೆ ಸರಿ ಇಲ್ವಾ? ದಿನಕ್ಕೆ ಎಷ್ಟು ಸಲ ಹೋಗ್ತೀರಿ?"

ಅಕ್ಕ "ರೀ!" ಎಂದು ಕಿರುಚಿದಳು. ನಾನು ಭೂಮಿ ಬಾಯಿ ಬಿಡಲಿ ಎಂದು ಕಾದೆ. ಆ ಮನುಷ್ಯರು ಸುತ್ತ ಒಮ್ಮೆ ನೋಡಿ, ಕುರ್ಚಿಯನ್ನು ಭಾವನ ಹತ್ತಿರ ಎಳೆದುಕೊಂಡು, "ಅದನ್ನೇ ಯಾರಾದ್ರೂ ಕೇಳ್ಲಿ ಅಂತಿದ್ದೆ ನೋಡಿ" ಎಂದರು! ಮುಕ್ಕಾಲು ಗಂಟೆ ಇಬ್ಬರೂ ಮಹಡಿಯ ಬಾಲ್ಕನಿಯಲ್ಲಿ ಗುಸುಗುಸು. ಸಂಬಂಧ ಅಲ್ಲೇ ಕುದುರಿತು. ಮಗಳ ಓದು, ನನ್ನ ಕೇಸರಿಬಾತು, ನನ್ನ ಗುಲಾಬಿ ಯಾವುದೂ ಲೆಕ್ಕಕ್ಕೆ ಬರಲಿಲ್ಲ!

ಅವರು ಹೋದ ಮೇಲೆ ಭಾವ ಅದೇ ಬೂಟು ಹಾಕಿಕೊಂಡು ಸೆಲ್ವಿಯ ಹತ್ತಿರ ಹೋದರು. ಅವಳ ಒಂದು ಹೆಣ್ಣು ಹಂದಿ ಮರಿ ಹಾಕುವುದರಲ್ಲಿತ್ತು.

ಸೆಲ್ವಿಯ ವಿಷಯ ಹೇಳಬೇಕು. ನಮ್ಮ ಬಡಾವಣೆಯ ಹಿಂದೆ ರಾಜಕಾಲುವೆಯ ಆಚೆ ಅವಳ ಹಂದಿದೊಡ್ಡಿ. ಗಂಡ ಸತ್ತ ಮೇಲೆ ಒಬ್ಬಳೇ ನಡೆಸುತ್ತಾಳೆ. ಕಮ್ಮನಹಳ್ಳಿಯ ಹೋಟೆಲುಗಳ ಮುಸುರೆಯನ್ನು ಡ್ರಮ್ಮುಗಳಲ್ಲಿ ತುಂಬಿ ಗೂಡ್ಸ್ ಆಟೋದಲ್ಲಿ ತಾನೇ ಓಡಿಸಿಕೊಂಡು ಬರುತ್ತಾಳೆ. ನಮ್ಮ ಅಪಾರ್ಟ್‌ಮೆಂಟುಗಳೆಲ್ಲ ಹುಟ್ಟುವುದಕ್ಕೆ ಮೊದಲಿನಿಂದಲೂ ಆ ದೊಡ್ಡಿ ಅಲ್ಲೇ ಇದೆ. ಭಾವ ವಾರಕ್ಕೆರಡು ಸಲ ಹೋಗಿ ಪುಕ್ಕಟೆ ನೋಡಿಕೊಡುತ್ತಿದ್ದರು.

ಎರಡು ವಾರ ಕಳೆಯುವಷ್ಟರಲ್ಲಿ ಅವಳ ಹಂದಿಗಳಿಗೆ ರಕ್ತಭೇದಿ ಹತ್ತಿತು. ಇಪ್ಪತ್ತರಲ್ಲಿ ಮೂರು ಸತ್ತವು. ಅದೇ ವಾರ ನಮ್ಮ ಬಡಾವಣೆಯ ಒಂದು ಮಗುವಿಗೂ ಹೊಟ್ಟೆ ಕೆಟ್ಟಿತು. ಇನ್ನೇನು ಬೇಕು? ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿತ್ತು. "ಹಂದಿಗಳನ್ನ ಓಡಿಸ್ಬೇಕು. ಮೇಡಂ, ನೀವೇ ಬರ್ಕೊಡಿ" ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

ನನ್ನ ಕೈ ಬರಹದ ಮಹಿಮೆ ನಿಮಗೆ ಗೊತ್ತಿಲ್ಲ. ಕ್ಲೇಮ್ ವಿಭಾಗದಲ್ಲಿ ಕೂತು "ಸದರಿ ನಷ್ಟವು ತಮ್ಮ ನಿರ್ಲಕ್ಷ್ಯದಿಂದಲೇ ಉಂಟಾದುದರಿಂದ" ಎಂದು ಶುರುಮಾಡಿದರೆ ಎಂಥ ಗಟ್ಟಿಗನೂ ಮರುಮಾತಿಲ್ಲದೆ ಫೈಲು ಮಡಚಿಕೊಂಡು ಹೋಗುತ್ತಿದ್ದ. ಅದೇ ಖಡಕ್ ಭಾಷೆಯಲ್ಲಿ ಪಾಲಿಕೆಗೆ ಒಂದು ದೂರು ಬಿಗಿದೆ. "ಸದರಿ ಮಹಿಳೆಯ ನಿರ್ಲಕ್ಷ್ಯ" ಎಂಬ ಮಾತು ಮೂರು ಕಡೆ ಬಂತು. ಮೊದಲ ಸಹಿ ನನ್ನದೇ. ಸೋಮವಾರ ಗಾಡಿ ಬಂದು ಹಂದಿಗಳನ್ನು ಹಿಡಿದುಕೊಂಡು ಹೋಗುವುದೆಂದು ಗೊತ್ತಾಯಿತು. ಮಗುವಂತೂ ಎರಡೇ ದಿನಕ್ಕೆ ಗುಣವಾಗಿ ಪಾನಿಪುರಿ ಗಾಡಿಯ ಮುಂದೆ ಮತ್ತೆ ಹಾಜರಾಗಿತ್ತು. ಅದನ್ನು ಯಾರೂ ಗುಂಪಿನಲ್ಲಿ ಹಾಕಲಿಲ್ಲ.

ಭಾವನಿಗೆ ಹೇಳಿದೆ. ಬೈಯುತ್ತಾರೆ, ವರಾಹಸ್ವಾಮಿಯನ್ನು ಕರೆಯುತ್ತಾರೆ ಅಂದುಕೊಂಡಿದ್ದೆ. ಅವರು, "ಈ ಸುರುಳಿ ಹಂದಿಗೆ ಬರೋದು, ಮನುಷ್ಯರಿಗೆ ಕಾಯಿಲೆ ತರಲ್ಲ. ಔಷಧಿ ಕೊಟ್ಟು, ದೊಡ್ಡಿ ತೊಳೆದು, ರೋಗ ಹೊತ್ಕೊಂಡು ತಿರುಗೋ ಇಲಿ ಹೊಡೆದ್ರೆ ಉಳಿದಿರೋದೆಲ್ಲ ಬದುಕ್ತವೆ" ಎಂದಷ್ಟೇ ಹೇಳಿ ಎದ್ದು ಹೋದರು. ನಾಲ್ಕು ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಗಾದರೆ ಸೆಲ್ವಿಯ ದೊಡ್ಡಿ, ಕತ್ತಲಾದರೆ ಮನೆ. ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು: "ಈ ವಯಸ್ಸಲ್ಲಿ ಅಲ್ಲಿ ಗುದ್ದಲಿ ಹಿಡ್ಕೊಂಡು ನಿಂತಿರ್ತಾರಂತೆ. ನೀನಾದ್ರೂ ಹೋಗಿ ಕರ್ಕೊಂಡ್ ಬಾರೇ."

ಶನಿವಾರ ಬೆಳಗ್ಗೆ ನಾನು ಹೋದೆ. ಸುಮ್ಮನೆ ಹೋಗಲಿಲ್ಲ, ಜಗಳಕ್ಕೇ ಹೋದೆ. ಕಾಲುವೆ ದಾಟಿ, ಸೀರೆ ಎತ್ತಿ ಹಿಡಿದು, ಮೂಗು ಮುಚ್ಚಿಕೊಂಡು ದೊಡ್ಡಿಯ ಬಾಗಿಲಿಗೆ ಬಂದರೆ ಒಳಗೆ ಸೆಲ್ವಿ ಭಾವನನ್ನು ಬೈಯುತ್ತಿದ್ದಾಳೆ! ಭಾವ ತಲೆ ತಗ್ಗಿಸಿ ನಿಂತಿದ್ದಾರೆ.

"ಐಯೋ ಡಾಕ್ಟ್ರೇ, ಹೊಸ ಹಂದಿ ತಂದಿಲ್ಲ, ಹೊರಗಿನೋರನ್ನ ಒಳಗೆ ಬಿಟ್ಟಿಲ್ಲ, ಎಲ್ಲಿಂದ ಬಂತು ಅಂತ ದಿನಾ ತಲೆ ಚಚ್ಕೊಂಡೆ. ಈಗ ನಿಂ ಕಾಲಲ್ಲೇ ಬಂತು ಅಂತೀರಲ್ಲ! ನಂಗೆ ಕಾಲು ತೊಳಿ ಕಾಲು ತೊಳಿ ಅಂತ ಪಾಠ ಹೇಳ್ದೋರು ನೀವೇ ತಾನೇ?"

"ಹೌದಮ್ಮ. ಬೆಳಗ್ಗೆ ಕಾಯಿಲೆ ಹಂದಿಗಳ ಹತ್ರ ಹೋಗಿದ್ದೆ. ಅದೇ ಬೂಟಲ್ಲಿ ಇಲ್ಲಿಗೆ ಬಂದೆ. ತೊಳೆದಿರ್ಲಿಲ್ಲ. ತಪ್ಪು ನಂದು" ಎಂದರು ಭಾವ.

ನಾನು ಇದನ್ನು ಕೇಳಿ ಖುಷಿಪಡಬೇಕಿತ್ತು. ಇಷ್ಟು ವರ್ಷ ನನ್ನಿಂದ ಬೈಯಲಾಗದ್ದನ್ನು ಅವಳು ಬೈದಿದ್ದಳು. ಆದರೆ ಮೈಯೆಲ್ಲ ಉರಿದುಹೋಯಿತು. ಪುರೋಹಿತರ ಪಾದಕ್ಕೂ ಬ್ಲೀಚಿಂಗ್ ಹಾಕಿಸಿದ ಮನುಷ್ಯ ಬೂಟು ತೊಳೆಯಲಿಲ್ಲವಂತೆ! ಇದಕ್ಕಿಂತ ದೊಡ್ಡ ಸುಳ್ಳು ಉಂಟೇ?

"ಸುಳ್ಳು ಹೇಳ್ಬೇಡಿ ಭಾವ!" ಎಂದು ಬಾಗಿಲಲ್ಲೇ ಕೂಗಿದೆ. "ಒಂದು ದಿನಾನೂ ನೀವು ತೊಟ್ಟೀಲಿ ಅದ್ದದೆ ಒಳಗೆ ಬಂದಿದ್ದು ನಾನು ನೋಡಿಲ್ಲ!"

"ಆ ದಿನ ಅದ್ದಿರ್ಲಿಲ್ಲ."

"ಯಾವ ದಿನ?"

ಭಾವ ನನ್ನ ಮುಖವನ್ನೇ ನೋಡಿ, "ನೀನು ಸುಮ್ನಿರು" ಎಂದರು. ಅದು ಗದರಿಕೆಯ ದನಿಯಲ್ಲ, ಬೇಡಿಕೊಳ್ಳುವ ದನಿ.

ಎರಡು ವಾರ ಹಿಂದಕ್ಕೆ ಎಣಿಸಿದೆ. ಕೇಸರಿಬಾತು, ಬೋಂಡ, ಗುಲಾಬಿ ನೆನಪಾದವು. ನಾನು ಚೆಲ್ಲಿ, ನಾಲ್ಕು ಸಲ ತೊಳೆದು, ಬರೀ ನೀರು ತುಂಬಿದ ತೊಟ್ಟಿ. ಅದರಲ್ಲಿ ಎರಡು ಸಲ ಕುಲುಕಿದ ಬೂಟು.

ಅಲ್ಲೇ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತೆ. ಮೂಗು ಮುಚ್ಚಿಕೊಳ್ಳುವುದು ಮರೆತುಹೋಯಿತು. ಸೆಲ್ವಿಯ ಕಣ್ಣು ತಪ್ಪಿಸಿ ಎದ್ದು ಭಾವನ ಹಿಂದೆ ಹೊರಟೆ.

ದಾರಿಯಲ್ಲಿ ಬರುತ್ತಾ ಅವರ ಮೇಲೆ ಹರಿಹಾಯ್ದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. "ನನ್ನ ತಪ್ಪನ್ನ ನನ್ನ ಕೇಳದೆ ನಿಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ನಿಮಗ್ಯಾರು ಹೇಳಿದ್ದು? ಯಾವಾಗ ಗೊತ್ತಾಯ್ತು ನಿಮಗೆ?"

"ನಿನ್ನ ಮಗಳು ಫೋಟೋ ತೋರಿಸ್ದಾಗ" ಎಂದರು ಭಾವ. "ಮಧ್ಯಾಹ್ನದ ಫೋಟೋ. ಎಸಳೆಲ್ಲ ಕೆಂಪಗೇ ಇತ್ತು. ಬ್ಲೀಚಿಂಗ್ ಇದ್ದಿದ್ರೆ ಅಷ್ಟೊತ್ತಿಗೆ ಬಿಳಚ್ಕೋಬೇಕಿತ್ತಲ್ವಾ? ಬಣ್ಣ ನೋಡಿ ಕಾಯಿಲೆ ಹೇಳೋದೇ ನನ್ನ ಕೆಲಸ. ಕಾಲ ಕೆಳಗೇ ಇತ್ತು, ನೋಡ್ಲಿಲ್ಲ. ತಪ್ಪು ನಂದೇ ಕಣೆ. ನಿಂಗೆ ಮಗಳ ಮದುವೆ ಸಂಭ್ರಮ. ಅದ್ರಲ್ಲಿ ಇದ್ಯಾಕೆ?"

ಮೂವತ್ತು ವರ್ಷ ಬೇರೆಯವರ ನಿರ್ಲಕ್ಷ್ಯವನ್ನು ಫೈಲಿನಿಂದ ಹೆಕ್ಕಿ ತೆಗೆದವಳು ನಾನು. ಇಂಥ ಒಬ್ಬನೇ ಒಬ್ಬ ಅರ್ಜಿದಾರ ನನ್ನ ಮೇಜಿನ ಮುಂದೆ ಬಂದಿರಲಿಲ್ಲ.

ಆ ಮಧ್ಯಾಹ್ನವೇ ಬರೆಯಲು ಕೂತೆ. ದೂರು ಹಿಂದಕ್ಕೆ ತೆಗೆದುಕೊಳ್ಳುವ ಅರ್ಜಿಯನ್ನು ಜನ್ಮದಲ್ಲಿ ಮೊದಲ ಸಲ ಬರೆದೆ. "ಸದರಿ ರೋಗವು ಈ ಕೆಳಗೆ ಸಹಿ ಮಾಡಿದವಳ ನಿರ್ಲಕ್ಷ್ಯದಿಂದಲೇ ಉಂಟಾದುದರಿಂದ" ಎಂದೇ ಶುರುಮಾಡಿದೆ. ಭಾವ ಓದಿ, "ಹೂವಿನ ವಿಷ್ಯ ತೆಗೆದ್ಬಿಡು" ಎಂದರು. ತೆಗೆಯಲಿಲ್ಲ. ಅದನ್ನೇ ಬಡಾವಣೆಯ ಗುಂಪಿನಲ್ಲೂ ಹಾಕಿದೆ. ಆಮೇಲೆ ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು, ಪಾನಿಪುರಿ ಮಗುವಿನ ತಾಯಿಯೂ ಸೇರಿ. ಸೋಮವಾರ ಆಫೀಸು ತೆರೆಯುವ ಹೊತ್ತಿಗೆ ಬಾಗಿಲಲ್ಲಿ ನಾನಿದ್ದೆ. ಗಾಡಿ ಬರಲಿಲ್ಲ.

ಭಾನುವಾರ ಸೆಲ್ವಿಗೂ ಹೇಳಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನೂ ನನ್ನ ಸೀರೆಯನ್ನೂ ನೋಡಿ, ಕೈಗೆ ಒಂದು ಉದ್ದನೆಯ ಪೊರಕೆ ಕೊಟ್ಟಳು. "ಸೆರಗು ಕಟ್ಕೊಳ್ಳಿ ಅಕ್ಕ. ಆ ಮೂಲೆಯಿಂದ ಶುರು ಮಾಡಿ." ಮೂರು ವಾರ ಹೋದೆ. ಹದಿನೇಳೂ ಉಳಿದವು. ಮೂರು ಉಳಿಯಲಿಲ್ಲ, ಅದನ್ನು ನಾನು ಮರೆಯುವುದಿಲ್ಲ.

ಈಗಲೂ ಭಾವ ಹಾಗೇ ಇದ್ದಾರೆ. ಬೀಗರಿಗೆ ಫೋನು ಮಾಡಿ ಬೆಳಗ್ಗೆ ಬೆಳಗ್ಗೆ ಹೊಟ್ಟೆ ವಿಚಾರಿಸುತ್ತಾರೆ. ನನಗೆ ಈಗಲೂ ಕೋಪ ಬರುತ್ತದೆ. ಆದರೆ ತೊಟ್ಟಿಯ ನೀರು ಬದಲಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಬೆಳಗ್ಗೆ ಎದ್ದು ಬ್ಲೀಚಿಂಗ್ ಪುಡಿ ಕಲಸಿ, ದೇವರಿಗೆ ಇಡುವ ಗುಲಾಬಿಯಿಂದ ಒಂದು ಎಸಳು ಕಿತ್ತು ಅದರಲ್ಲಿ ಹಾಕುತ್ತೇನೆ. ಭಾವನ ಮೂಗಿಗೆ ಏನೂ ತಿಳಿಯುವುದಿಲ್ಲವಲ್ಲ, ಕಣ್ಣಿಗಾದರೂ ತಿಳಿಯಲಿ. ಅವರು ಬೂಟು ಹಾಕಿಕೊಂಡು ಆತುರ ಮಾಡುತ್ತಾರೆ. "ಬಸ್ ಹೋಗುತ್ತೆ ಕಣೆ!"

"ಹೋಗ್ಲಿ. ಇನ್ನೊಂದು ಬರುತ್ತೆ. ನಿಂತ್ಕೊಳ್ಳಿ" ಎನ್ನುತ್ತೇನೆ.

ಇಬ್ಬರೂ ಗೇಟಿನ ಹತ್ತಿರ ನಿಂತು ನೀರನ್ನೇ ನೋಡುತ್ತೇವೆ. ಎಸಳು ಅಂಚಿನಿಂದ ನಿಧಾನವಾಗಿ ಬಿಳಚಿಕೊಳ್ಳುತ್ತಾ ಬರುತ್ತದೆ. ಪೂರ್ತಿ ಬೆಳ್ಳಗಾದ ಮೇಲೆ, "ಹೂಂ, ಈಗ ಕಾಲಿಡಿ ಭಾವ" ಎನ್ನುತ್ತೇನೆ.